ಅಟ್ಟದ ಗುಜರಿ ಸರಿಯಾದ ದಾರಿ ಹಿಡಿಯಲಿ: ಬೆಳ್ಳಾರೆಯ ಇ-ತ್ಯಾಜ್ಯ ಸಂಗ್ರಹ ದಿನಕ್ಕೆ ಯಶಸ್ಸಿನ ಸೂತ್ರಗಳು

ಬೆಳ್ಳಾರೆ ಸುತ್ತಿನ ಯಾವ ಮನೆಯ ಅಟ್ಟ ಹತ್ತಿದರೂ ಹೆಚ್ಚುಕಡಿಮೆ ಅದೇ ಸಾಮಾನು: ಪೆಟ್ಟಿಗೆಯಂಥ ಹಳೆಯ ಟಿವಿ, ಸಿಡಿಲಿಗೆ ಸುಟ್ಟುಹೋದ ಮೋಡೆಮ್, ಗಂಟೆ ಹೊಡೆಯುವುದನ್ನು ಮರೆತ ಬಿಎಸ್‌ಎನ್‌ಎಲ್ ಫೋನು, ಸ್ಟೆಬಿಲೈಸರ್, ಡಿಶ್ಶಿನ ಬಾಕ್ಸು, ಐಬೆಕ್ಸ್ ವಿದ್ಯುತ್ ಬೇಲಿಯ ಬ್ಯಾಟರಿ, ಮೂರು ತಲೆಮಾರಿನ ಮಿಕ್ಸಿ, ಡಬ್ಬಿ ತುಂಬ ಚಾರ್ಜರು. ಒಂದು ಆದಿತ್ಯವಾರ ಇವುಗಳಲ್ಲಿ ಹೆಚ್ಚಿನವನ್ನು ಮೈದಾನಕ್ಕೆ ಇಳಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಇಳಿದದ್ದು ಆಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲೇ ಇಡೀ ಕಾರ್ಯಕ್ರಮದ ಸಾರ್ಥಕತೆ ಇದೆ. ಪಂಚಾಯತ್, ಯುವಕ ಮಂಡಲ, ಸೊಸೈಟಿ, ಶಾಲೆ, ಯಾರೇ ಮುಂದೆ ನಿಂತರೂ ಮೊದಲು ಈ ಸೂತ್ರಗಳನ್ನು ಓದಿಕೊಳ್ಳಿ.

1. ಕೊನೆಯಿಂದ ಸುರು ಮಾಡಿ

ಬ್ಯಾನರ್ ಬರೆಸುವ ಮೊದಲು, ಅತಿಥಿಗಳನ್ನು ಕರೆಯುವ ಮೊದಲು, ಮಾಲು ಯಾರ ಕೈಗೆ ಹೋಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ಮರುಬಳಕೆ ಘಟಕಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡಿರಲೇಬೇಕು. ನಮ್ಮ ಜಿಲ್ಲೆಯವರು ವಿಚಾರಿಸಬೇಕಾದ ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿ ಮಂಗಳೂರಿನ ಬೈಕಂಪಾಡಿಯಲ್ಲಿದೆ. ಒಂದು ಪತ್ರ ಬರೆಯಿರಿ, ಒಬ್ಬರು ಖುದ್ದಾಗಿ ಹೋಗಿ ಬನ್ನಿ.

ಈ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. ದೇಶದ ಮೊತ್ತಮೊದಲ ಅಧಿಕೃತ ಇ-ತ್ಯಾಜ್ಯ ಘಟಕ ಎನಿಸಿದ ಇ-ಪರಿಸರ ಪಿ. ಪಾರ್ಥಸಾರಥಿಯವರ ಮುಂದಾಳುತನದಲ್ಲಿ 2005ರಲ್ಲಿ ಬೆಂಗಳೂರಿನಾಚೆಯ ದಾಬಸ್‌ಪೇಟೆಯಲ್ಲಿ ಆರಂಭವಾಯಿತು. ಈಗ ಇಂಥ ಘಟಕಗಳು ಅನೇಕ. ಯಾರೊಡನೆ ಮಾತಾಡಿದರೂ ಮೂರು ಪ್ರಶ್ನೆ ಕೇಳಿ. ನೋಂದಣಿ ಸಂಖ್ಯೆ ಯಾವುದು? ಟಿವಿಯ ಗಾಜನ್ನು ಏನು ಮಾಡುತ್ತೀರಿ? ತೂಕ ಮತ್ತು ವಿವರ ಇರುವ ರಶೀದಿ ಕೊಡುತ್ತೀರಾ? ಬೋರ್ಡು ಮತ್ತು ತಂತಿ ಮಾತ್ರ ಸಾಕು, ಉಳಿದದ್ದು ನೀವೇ ಇಟ್ಟುಕೊಳ್ಳಿ ಎನ್ನುವವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ಲಾಭದ ಭಾಗ ಅವರಿಗೆ, ವಿಷದ ಭಾಗ ಊರಿಗೆ ಎಂದಾದರೆ ಆ ದಿನ ಮಾಡದಿರುವುದೇ ಲೇಸು.

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದದ್ದಕ್ಕೆ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಯಾರದೋ ಕೈಯಿಂದ ಕೈಗೆ ದಾಟುತ್ತ ಲೆಕ್ಕದಿಂದಲೇ ಜಾರಿಹೋಗುತ್ತದೆ. ನಮ್ಮೂರಿನ ಮಾಲು ಆ ದೊಡ್ಡ ಪಾಲಿಗೆ ಸೇರಬಾರದು.

2. ನೆರೆಯ ಗ್ರಾಮಗಳನ್ನು ಕೂಡಿಸಿಕೊಳ್ಳಿ

ಘಟ್ಟದ ಮೇಲಿನಿಂದ ಲಾರಿ ಬರಬೇಕಾದರೆ ಅದು ತುಂಬುವಷ್ಟು ಮಾಲು ಬೇಕು. ಬೆಳ್ಳಾರೆ ಒಂದೇ ಗ್ರಾಮದಿಂದ ಅಷ್ಟು ಸಿಗುವುದು ಸಂಶಯ. ಪೆರುವಾಜೆ, ಕಳಂಜ, ಬಾಳಿಲ, ಕೊಡಿಯಾಲ, ಐವರ್ನಾಡು, ಮುರುಳ್ಯ, ಎಣ್ಮೂರಿನವರನ್ನು ಮೊದಲೇ ಮಾತಾಡಿಸಿ. ಒಂದೊಂದು ಗ್ರಾಮಕ್ಕೂ ಒಬ್ಬ ಹೊಣೆಗಾರ, ಒಂದು ಪಿಕಪ್, ಒಂದು ಸಮಯ. ಬೆಳಿಗ್ಗೆ ಅಲ್ಲಲ್ಲಿ ಒಟ್ಟುಮಾಡಿ ಹತ್ತು ಗಂಟೆಗೆ ಬೆಳ್ಳಾರೆಗೆ ತಂದರೆ, ಇಡೀ ದಿನ ಬಿಸಿಲಲ್ಲಿ ಕಾಯುವ ಕಷ್ಟ ಯಾರಿಗೂ ಇಲ್ಲ.

3. ತಾರೀಕು ನಿಗದಿ ಮಾಡುವಾಗ ಆಕಾಶ ನೋಡಿ, ಅಡಿಕೆಯನ್ನೂ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೆಲಸ ಬೇಡ. ಮಳೆಯಲ್ಲಿ ನೆನೆದ ಬೋರ್ಡು, ಬ್ಯಾಟರಿಗಳನ್ನು ಲಾರಿಗೆ ಏರಿಸುವುದೇ ಅಪಾಯ. ಅಡಿಕೆ ಕೊಯ್ಲು ಬಿರುಸಾದ ಮೇಲೆ ಯಾರ ಕೈಯೂ ಖಾಲಿ ಇರುವುದಿಲ್ಲ. ನನ್ನ ಮತ ಕೇಳಿದರೆ ಆಯುಧ ಪೂಜೆಗೂ ದೀಪಾವಳಿಗೂ ನಡುವಿನ ಒಂದು ಆದಿತ್ಯವಾರ. ಮನೆಯ ಯಂತ್ರಗಳನ್ನು ಒರೆಸಿ ಪೂಜೆ ಮಾಡುವಾಗ ಓಡುವುದು ಯಾವುದು, ಓಡದ್ದು ಯಾವುದು ಎಂದು ಹೇಗೂ ಗೊತ್ತಾಗಿರುತ್ತದೆ. 2018ರಿಂದ ಅಕ್ಟೋಬರ್ 14ನ್ನು ಅಂತಾರಾಷ್ಟ್ರೀಯ ಇ-ತ್ಯಾಜ್ಯ ದಿನವಾಗಿ ಆಚರಿಸುತ್ತಿರುವುದರಿಂದ ಶಾಲೆಗಳಲ್ಲಿ ವಿಷಯ ತೆಗೆಯುವುದಕ್ಕೂ ಸುಲಭ. ಆದರೆ ಆ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ನಂಬುವಂತಿಲ್ಲ. ಮಾಡು ಇರುವ ಜಾಗ ಹಿಡಿಯಿರಿ, ಮಧ್ಯಾಹ್ನ ಒಂದು ಗಂಟೆಯೊಳಗೆ ಮುಗಿಸಿ.

4. ಏನು ತರಬೇಕೆಂದು ಊರಿನ ಮಾತಿನಲ್ಲಿ ಹೇಳಿ

"ವಿದ್ಯುನ್ಮಾನ ತ್ಯಾಜ್ಯ" ಎಂದು ಬರೆದರೆ ಓದಿದವರು ತಲೆ ಆಡಿಸಿ ಮುಂದೆ ಹೋಗುತ್ತಾರೆ. "ಕರೆಂಟಿಗೆ ಹಾಕುವಂಥದ್ದು, ಸೆಲ್ಲಿನಲ್ಲಿ ಓಡುವಂಥದ್ದು, ಹಾಳಾದದ್ದು ಎಲ್ಲ ತನ್ನಿ" ಎಂದು ಬರೆಯಿರಿ. ಹೊಸ ನಿಯಮದ ಪಟ್ಟಿಯಲ್ಲಿ 106 ಬಗೆಯ ಸಾಮಾನುಗಳಿವೆ. 2016ರ ಪಟ್ಟಿಯಲ್ಲಿ ಇದ್ದದ್ದು 21. ಮಕ್ಕಳ ಆಟದ ಕಾರು, ಸೋಲಾರ್ ಫಲಕ ಕೂಡ ಈಗ ಸೇರಿವೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಹಳೆ ಬಟ್ಟೆ, ಬಾಟಲಿ, ಔಷಧಿ ಬೇಡ ಎಂದೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

5. ಇಡಿಯಾಗಿ ಕೊಡಿ, ಒಡೆಯಬೇಡಿ

ದಪ್ಪ ಟಿವಿಯ ಹಿಂಭಾಗದ ಕತ್ತಿನಲ್ಲಿ ತಾಮ್ರದ ಸುರುಳಿ ಇರುತ್ತದೆ. ಅದರ ಆಸೆಗೆ ಟ್ಯೂಬಿಗೆ ಸುತ್ತಿಗೆ ಹಾಕುತ್ತಾರೆ. ಆ ಗಾಜಿನಲ್ಲಿ ಕಿಲೋ ಲೆಕ್ಕದಲ್ಲಿ ಸೀಸ ಸೇರಿಕೊಂಡಿದೆ, ಒಳಮೈಯಲ್ಲಿ ಹೊಳೆಯುವ ಪುಡಿಯ ಲೇಪ ಇದೆ, ಒಳಗೆ ಗಾಳಿಯೇ ಇಲ್ಲದ ನಿರ್ವಾತ ಇರುವುದರಿಂದ ಒಡೆದಾಗ ಚೂರುಗಳು ಮುಖಕ್ಕೆ ಸಿಡಿಯುತ್ತವೆ. ತಾಮ್ರ ತೆಗೆದ ಮೇಲೆ ಗಾಜು ಎಲ್ಲಿಗೆ? ಹೆಚ್ಚಾಗಿ ತೋಡಿನ ಬದಿಗೆ ಅಥವಾ ಗುಡ್ಡೆಯ ಹೊಂಡಕ್ಕೆ.

ಫ್ರಿಜ್ಜಿನ ಕಥೆಯೂ ಹೀಗೇ. ಕಂಪ್ರೆಸರ್ ಬಿಚ್ಚಲು ಕೊಳವೆ ಕತ್ತರಿಸಿದರೆ ಅನಿಲ ಹೊರಗೆ ಹೋಗುತ್ತದೆ. ಬಹಳ ಹಳೆಯದಾದರೆ ಅದು ಓಝೋನ್ ಪದರವನ್ನು ಕೊರೆಯುವ ಅನಿಲ. ಈಚಿನ ಕೆಲವದರಲ್ಲಿ ಬೆಂಕಿ ಹತ್ತುವ ಅನಿಲ. ಫ್ರಿಜ್ಜನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ, ಬಾಗಿಲಿಗೆ ಹಗ್ಗ ಬಿಗಿಯಿರಿ. ಮೈದಾನದಲ್ಲಿ ಮಕ್ಕಳು ಒಳಗೆ ಹೊಕ್ಕು ಆಡದಿರಲಿ. ಸ್ವಾಗತದ ಮೇಜಿನಲ್ಲಿ ಕೂತವರಿಗೆ ಒಂದೇ ಅಪ್ಪಣೆ: ಸ್ಕ್ರೂ ಡ್ರೈವರ್ ಮುಟ್ಟುವಂತಿಲ್ಲ.

6. ತಂತಿ ಸುಡುವ ಅಭ್ಯಾಸವನ್ನು ಊರಿನಿಂದಲೇ ಓಡಿಸಿ

ಈ ಸೂತ್ರ ಸಂಗ್ರಹದ ದಿನಕ್ಕಿಂತ ದೊಡ್ಡದು. ಒಣ ಮಡಲಿನ ಜೊತೆ ಹಳೆ ವಯರುಗಳನ್ನು ಹಾಕಿ ಸುಟ್ಟರೆ ತಾಮ್ರ ಉಳಿಯುತ್ತದೆ, ನಿಜ. ವಯರಿನ ಮೇಲ್ಪದರ ಪಿವಿಸಿ. ಅದು ಬೆಂದಾಗ ಉಸಿರು ಕಟ್ಟಿಸುವ ಆಮ್ಲದ ಹೊಗೆ ಏಳುತ್ತದೆ, ಜೊತೆಗೆ ಡಯಾಕ್ಸಿನ್ ಎಂಬ ವಿಷಗಳು. ಡಯಾಕ್ಸಿನ್ ಹುಲ್ಲಿನ ಮೇಲೆ ಕೂರುತ್ತದೆ, ದನದ ಕೊಬ್ಬಿನಲ್ಲಿ ನಿಲ್ಲುತ್ತದೆ, ಹಾಲಿನಲ್ಲಿ ಬರುತ್ತದೆ. ಅಂಗಳದಲ್ಲಿ ಸುಟ್ಟದ್ದು ಹಟ್ಟಿಯ ದಾರಿಯಾಗಿ ಅಡುಗೆಮನೆಗೆ ಮರಳುವುದು ಹೀಗೆ.

ಕಣ್ಣಿಗೆ ಕಾಣದ ವಿಷ ಏನು ಮಾಡಬಲ್ಲದು ಎಂದು ಈ ಸೀಮೆಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸುರಿದ ಎಂಡೋಸಲ್ಫಾನ್‌ನ ಫಲವನ್ನು ಕೊಕ್ಕಡದ ಸುತ್ತಮುತ್ತ, ಪುತ್ತೂರು, ಸುಳ್ಯ, ಕಡಬದ ಕಡೆಯ ಎಷ್ಟೋ ಮನೆಗಳು ಇನ್ನೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟ್ ಆ ವಿಷಕ್ಕೆ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ. ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು ಹೊರಬಂದದ್ದೂ ಅದೇ ತಿಂಗಳಲ್ಲಿ. ಎಂಡೋಸಲ್ಫಾನ್ ಮೇಲಿನಿಂದ ಬಿತ್ತು, ನಮ್ಮನ್ನು ಯಾರೂ ಕೇಳಲಿಲ್ಲ. ಈ ಹೊಗೆ ನಮ್ಮ ಅಂಗಳದಿಂದಲೇ ಏಳುತ್ತದೆ, ನಿಲ್ಲಿಸುವುದು ನಮ್ಮ ಕೈಯಲ್ಲೇ ಇದೆ.

ನೀರಿನ ದಾರಿಯನ್ನೂ ನೆನಪಿಡಿ. ಇಲ್ಲಿನ ತೋಡುಗಳಲ್ಲಿ ಹರಿದದ್ದು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯ ಜೊತೆಯಾಗಿ, ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನ ನಳ್ಳಿಗೆ ಹೋಗುತ್ತದೆ. ಸುಳ್ಯದ ಕಡೆಯದು ಪಯಸ್ವಿನಿಯಾಗಿ ಕಾಸರಗೋಡಿನ ಚಂದ್ರಗಿರಿಗೆ. ಮೇಲಿನ ಊರಿನವರ ಹೊಣೆ ಕೆಳಗಿನ ಊರಿನವರ ಲೋಟದ ತನಕ ಇದೆ.

7. ಬ್ಯಾಟರಿಗೆ ಬೇರೆಯೇ ಮೇಜು, ಅನುಭವಿ ಕೈ

ಸಂಗ್ರಹದ ಜಾಗದಲ್ಲಿ ಬೆಂಕಿ ಬೀಳುವುದಾದರೆ ಅದು ಹೆಚ್ಚಾಗಿ ಲಿಥಿಯಂ ಬ್ಯಾಟರಿಯಿಂದ. ಫೋನು, ಲ್ಯಾಪ್‌ಟಾಪ್, ಪವರ್ ಬ್ಯಾಂಕ್‌ನ ಬ್ಯಾಟರಿ ಹೊಟ್ಟೆ ಉಬ್ಬಿಸಿಕೊಂಡಿದ್ದರೆ ಅದನ್ನು ಒತ್ತಬಾರದು, ಚುಚ್ಚಬಾರದು, ರಾಶಿಗೆ ಎಸೆಯಬಾರದು. ಒಣ ಮರಳು ತುಂಬಿದ ಬಕೆಟ್ಟಿನಲ್ಲಿ ಇಡಿ. ಉಳಿದವುಗಳ ತುದಿಗೆ ಟೇಪ್ ಹಚ್ಚಿ. ಈ ಮೇಜಿಗೆ ವಯರಿಂಗ್ ಕೆಲಸ ಗೊತ್ತಿರುವ ಒಬ್ಬರನ್ನೇ ಕೂರಿಸಿ, ಮರಳಿನ ಬಕೆಟ್ ಎರಡು ಜಾಸ್ತಿ ಇರಲಿ.

ಇನ್ವರ್ಟರ್‌ನ ಮತ್ತು ಐಬೆಕ್ಸ್‌ನ ದೊಡ್ಡ ಬ್ಯಾಟರಿಗಳ ಲೆಕ್ಕ ಬೇರೆ. ಅದರೊಳಗೆ ಸೀಸ, ಸಲ್ಫ್ಯೂರಿಕ್ ಆಮ್ಲ. ಆಮ್ಲವನ್ನು ತೋಟಕ್ಕೆ ಚೆಲ್ಲಿ ಹಗುರ ಮಾಡಿಕೊಂಡು ತರುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದನ್ನು ನೆಟ್ಟಗೆ ಹಿಡಿದು, ಹೊಸದು ಕೊಳ್ಳುವ ಅಂಗಡಿಗೇ ವಾಪಸು ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ವಾಪಸು ಪಡೆದು ಮರುಬಳಕೆ ಮಾಡಿಸುವ ಹೊಣೆ ತಯಾರಕರದು. ಹಳೆಯದಕ್ಕೆ ಬೆಲೆಯೂ ಸಿಗುತ್ತದೆ. ಸಂಗ್ರಹದ ದಿನಕ್ಕೆ ಇದನ್ನು ತರುವ ಅಗತ್ಯವೇ ಇಲ್ಲ.

8. ಟ್ಯೂಬ್‌ಲೈಟಿಗೆ ಅಡಿಕೆ ಹಾಳೆ

ಉದ್ದ ಟ್ಯೂಬಿನಲ್ಲಿ, ಸುರುಳಿ ಸಿಎಫ್‌ಎಲ್‌ನಲ್ಲಿ ಪಾದರಸ ಇದೆ. ಪ್ರಮಾಣ ಮಿಲಿಗ್ರಾಂಗಳಲ್ಲಾದರೂ ಒಡೆದಾಗ ಆವಿಯಾಗಿ ಉಸಿರಿಗೆ ಸೇರುತ್ತದೆ. ಹಳೆಯ ರಟ್ಟಿನ ಕವಚ ಇಲ್ಲದಿದ್ದರೆ ಒಣ ಹಾಳೆಯಲ್ಲಿ ಸುತ್ತಿ ಬಳ್ಳಿ ಕಟ್ಟಿ ತನ್ನಿ, ಗೋಣಿಯಲ್ಲಿ ತುಂಬಿ ತರಬೇಡಿ. ಮನೆಯಲ್ಲಿ ಒಡೆದುಹೋದರೆ ಕಿಟಕಿ ತೆರೆದು ಎಲ್ಲರೂ ಸ್ವಲ್ಪ ಹೊತ್ತು ಹೊರಗಿರಿ. ಆಮೇಲೆ ಗಟ್ಟಿ ಕಾಗದದಿಂದ ಒಟ್ಟುಮಾಡಿ. ಹಿಡಿಸೂಡಿ ಹಾಕಿ ಗುಡಿಸಿದರೆ ಹುಡಿ ಮನೆಯಿಡೀ ಹರಡುತ್ತದೆ.

9. ಫೋನು ಕೊಡುವ ಮೊದಲು ಅದರೊಳಗಿನ ಮನೆಯನ್ನು ಖಾಲಿ ಮಾಡಿ

ಜನ ಹಳೆ ಫೋನು ಕೊಡದಿರುವುದಕ್ಕೆ ಮುಖ್ಯ ಕಾರಣ ಭಯ: ಫೋಟೋ, ಬ್ಯಾಂಕಿನ ಆ್ಯಪ್, ಸಂದೇಶ. ಈ ಭಯವನ್ನು ಗೌರವಿಸಿ. ಕಾಲೇಜಿನ ಇಬ್ಬರು ವಿದ್ಯಾರ್ಥಿಗಳನ್ನು ಒಂದು ಮೇಜಿನಲ್ಲಿ ಕೂರಿಸಿ, ಬಂದವರ ಕಣ್ಣೆದುರೇ ಮಾಡಿಸಿ: ಬೇಕಾದ ಫೋಟೋ ಹೊಸ ಫೋನಿಗೆ, ಗೂಗಲ್ ಖಾತೆಯಿಂದ ಹೊರಕ್ಕೆ, ಆಮೇಲೆ ಫ್ಯಾಕ್ಟರಿ ರಿಸೆಟ್. ಸಿಮ್ ಮತ್ತು ಮೆಮೊರಿ ಕಾರ್ಡ್ ಮನೆಯವರ ಕೈಗೇ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಅನ್ನು ಮನೆಯಲ್ಲೇ ತೆಗೆಸಿಟ್ಟು ಉಳಿದದ್ದನ್ನು ತಂದರೂ ಆದೀತು. ಇಡಿಯಾಗಿ ಕೊಡಿ ಎಂಬ ಸೂತ್ರಕ್ಕೆ ಇದೊಂದೇ ವಿನಾಯಿತಿ.

ಸತ್ತ ಫೋನಿನ ಬೆಲೆ ತಿಳಿಯಬೇಕೆ? ಟೋಕಿಯೊ ಒಲಿಂಪಿಕ್ಸಿಗಾಗಿ ಜಪಾನಿನ ಜನ 2017ರ ಏಪ್ರಿಲ್‌ನಿಂದ 2019ರ ಮಾರ್ಚ್ ತನಕ 78,985 ಟನ್ ಹಳೆಯ ಸಾಮಾನು ಕೊಟ್ಟರು, ಅದರಲ್ಲಿ ಫೋನುಗಳೇ ಸುಮಾರು 62 ಲಕ್ಷ. ಹೊರಬಂದ ಚಿನ್ನ 32 ಕಿಲೋ, ಬೆಳ್ಳಿ 3,500 ಕಿಲೋ. ಸುಮಾರು 5,000 ಪದಕಗಳೂ ಅದರಿಂದಲೇ ಆದವು. ರಾಯಚೂರಿನ ಹಟ್ಟಿಯಲ್ಲಿ ನೆಲದಾಳದಿಂದ ಎತ್ತಿದ ಒಂದು ಟನ್ ಅದಿರನ್ನು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಿ. ಶಾಲೆಯ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ.

10. ಗುಜರಿಯವರನ್ನು ಹೊರಗಿಡಬೇಡಿ

ಇಂಥ ದಿನಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಇದು. ವೇದಿಕೆಯಲ್ಲಿ ಎಲ್ಲರೂ ಇರುತ್ತಾರೆ, ವರ್ಷವಿಡೀ ಮನೆಮನೆಗೆ ಹೋಗಿ ಹಳೆ ಸಾಮಾನು ಎತ್ತುವವರು ಮಾತ್ರ ಇರುವುದಿಲ್ಲ. ಊರಿನ ಯಾವ ಮನೆಯಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವಷ್ಟು ಪಂಚಾಯತಿಗೂ ಗೊತ್ತಿಲ್ಲ. ತೂಕ ಹಾಕುವುದರಲ್ಲಿ, ಬೇರ್ಪಡಿಸುವುದರಲ್ಲಿ ಅವರ ಕೈ ಪಳಗಿದೆ. ಒಂದೇ ದಿನದ ಉತ್ಸಾಹದಲ್ಲಿ ಅವರ ಅನ್ನಕ್ಕೆ ಕಲ್ಲು ಹಾಕಿದರೆ ಮರುದಿನದಿಂದ ಮಾಲು ಮತ್ತೆ ಹಳೆಯ ದಾರಿಯಲ್ಲೇ ಹೋಗುತ್ತದೆ.

ಮೊದಲೇ ಕರೆದು ಕೂರಿಸಿ ಮಾತಾಡಿ. "ಅಣ್ಣ, ಕಬ್ಬಿಣ, ಪಂಪಿನ ಮೋಟರು, ಪ್ಲಾಸ್ಟಿಕ್ ಕುರ್ಚಿ ಎಲ್ಲ ನಿಮಗೇ ಇರಲಿ. ಟಿವಿ, ಬೋರ್ಡು, ಟ್ಯೂಬು, ಸಣ್ಣ ಬ್ಯಾಟರಿ ಮಾತ್ರ ನಮಗೆ ಕೊಡಿ, ನೀವು ಕೊಟ್ಟ ಬೆಲೆ ನಿಮಗೆ ಬರುವ ಹಾಗೆ ಮಾಡುವ" ಎಂದು ಕೇಳಿದರೆ ಯಾಕೆ ಒಪ್ಪುವುದಿಲ್ಲ? ಮರುಬಳಕೆ ಘಟಕದಿಂದ ಬರುವ ದುಡ್ಡಿನಲ್ಲಿ ಒಂದು ಪಾಲನ್ನು ಇದಕ್ಕೆಂದೇ ತೆಗೆದಿಡಿ. ಬೆಂಗಳೂರಿನಲ್ಲಿ ಚಿಂದಿ ಆಯುವವರನ್ನು ಒಟ್ಟುಗೂಡಿಸಿದ ಹಸಿರು ದಳ, ಒಣಕಸ ಕೇಂದ್ರಗಳನ್ನು ನಡೆಸುವ ಹೊಣೆಯನ್ನು ಅವರ ಕೈಗೇ ಕೊಡಬಹುದೆಂದು ತೋರಿಸಿಕೊಟ್ಟಿದೆ. ಕೈಗವಸು, ಮುಖಗವಸು, ಗಟ್ಟಿ ಚಪ್ಪಲಿ ಕೊಡುವುದಾದರೆ ಮೊದಲ ಜೋಡಿ ಅವರಿಗೆ ಸಲ್ಲಬೇಕು.

11. ಹೇಳುವವರು ಗುರುತಿನವರಾಗಿರಲಿ

ಭಿತ್ತಿಪತ್ರಕ್ಕಿಂತ ಕಸ ಒಯ್ಯುವ ಸ್ವಚ್ಛ ವಾಹಿನಿ ಓಡಿಸುವ ಅಕ್ಕನ ಒಂದು ಮಾತು ಹೆಚ್ಚು ಕೆಲಸ ಮಾಡುತ್ತದೆ. ಹದಿನೈದು ದಿನ ಮೊದಲಿನಿಂದಲೇ ಗಾಡಿಯ ಮೈಕಿನಲ್ಲಿ ತುಳು, ಅರೆಭಾಷೆ, ಬ್ಯಾರಿ, ಕನ್ನಡ ಎಲ್ಲದರಲ್ಲೂ ಹೇಳಿಸಿ. ಸಂಜೀವಿನಿ ಒಕ್ಕೂಟದ ಸಭೆಯಲ್ಲಿ, ಹಾಲಿನ ಸೊಸೈಟಿಯಲ್ಲಿ, ದೇವಸ್ಥಾನ, ಮಸೀದಿ, ಇಗರ್ಜಿಯಲ್ಲಿ ಒಂದೊಂದು ನಿಮಿಷ ಕೇಳಿಕೊಳ್ಳಿ. ಮಕ್ಕಳು ಮನೆಯಲ್ಲಿ ನೆನಪಿಸಲಿ, ಪಟ್ಟಿ ಬರೆಯಲಿ. ಸಾಮಾನು ಹೊರುವುದು, ಬೇರ್ಪಡಿಸುವುದು ದೊಡ್ಡವರ ಕೆಲಸ. ನಡೆಯಲಾಗದ ಅಜ್ಜ ಅಜ್ಜಿಯರಷ್ಟೇ ಇರುವ ಮನೆಗಳು ಈಗ ಪ್ರತಿ ಬೈಲಿನಲ್ಲೂ ಇವೆ. ಅಲ್ಲಿಗೆ ಯುವಕ ಮಂಡಲದವರೇ ಹೋಗಿ ಅಟ್ಟದಿಂದ ಇಳಿಸಿ ತರಬೇಕು.

ಅಜ್ಜನ ಹಳೆಯ ರೇಡಿಯೋ ಕೊಡಲು ಮನಸ್ಸಿಲ್ಲವೆಂದರೆ ಒತ್ತಾಯಿಸಬೇಡಿ. ಸೆಲ್ಲು ತೆಗೆದು ಕೊಡಿ ಎನ್ನಿ, ಸಾಕು.

12. ಸರಿಯಾಗುವುದನ್ನು ಮೊದಲು ಸರಿ ಮಾಡಿಸಿ

ಒಂದು ಫ್ಯೂಸ್, ಒಂದು ಕೆಪಾಸಿಟರ್ ಹೋದದ್ದಕ್ಕೆ ಫ್ಯಾನು, ಮಿಕ್ಸಿಗಳು ಅಟ್ಟ ಸೇರಿರುತ್ತವೆ. ಊರಿನ ರಿಪೇರಿಯವರಿಗೆ ಒಂದು ಮೂಲೆ ಕೊಡಿ, ಕೂಲಿಯನ್ನೂ ಕೊಡಿ. ಓಡುವಂತಾದದ್ದು ಬೇಕಾದವರ ಮನೆಗೆ ಹೋಗಲಿ.

13. ಶಾಲೆ, ಕಚೇರಿಗಳಿಗೆ ಮೂರು ತಿಂಗಳು ಮೊದಲೇ ಹೇಳಿ

ಸರಕಾರದ ಮಾಹಿತಿ ಸಿಂಧು ಯೋಜನೆಯ ಕಾಲದ ಕಂಪ್ಯೂಟರುಗಳು ಕೆಲವು ಶಾಲೆಗಳ ಕತ್ತಲೆ ಕೋಣೆಯಲ್ಲಿ ಇನ್ನೂ ಇರಬಹುದು. ಮುಖ್ಯೋಪಾಧ್ಯಾಯರಿಗೆ ಮನಸ್ಸಿದ್ದರೂ ದಾಸ್ತಾನು ಪುಸ್ತಕದಿಂದ ತೆಗೆಯದೆ ಹೊರಗೆ ಕಳಿಸುವಂತಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಠರಾವು, ಇಲಾಖೆಯ ಅನುಮತಿ, ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಸೊಸೈಟಿ, ಬ್ಯಾಂಕುಗಳಲ್ಲೂ ಇದೇ ತೊಡಕು. ಒಂದು ಶಾಲೆಯ ಹಳೆ ಲ್ಯಾಬ್ ಬಂದರೆ ಲಾರಿಯ ಕಾಲು ಭಾಗ ತುಂಬೀತು.

14. ಒಂದು ದಿನ ಮುಗಿದ ಮೇಲೂ ಬಾಗಿಲು ತೆರೆದಿರಲಿ

2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು, ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳನ್ನೂ ಮನೆಗಳನ್ನೂ ಮುಚ್ಚಿಹಾಕಿತು. ಎಲ್ಲವನ್ನೂ ಬೆರೆಸಿ ಒಂದೇ ಕಡೆ ಸುರಿದ ವರ್ಷಗಳ ಫಲ ಅದು. ಆಮೇಲೆ ಜಿಲ್ಲಾ ಪಂಚಾಯತ್ ತೆಂಕ ಎಡಪದವಿನಲ್ಲಿ ಗ್ರಾಮಗಳ ಒಣಕಸಕ್ಕಾಗಿಯೇ ದೊಡ್ಡ ಘಟಕ ಕಟ್ಟಿಸಿದೆ. ಗ್ರಾಮಮಟ್ಟದಲ್ಲೂ ಒಣಕಸದ ಘಟಕಗಳಿವೆ. ಅಲ್ಲಿ ಮಾಡಿನಡಿಯ ಒಂದು ಮೂಲೆಯನ್ನು ಇ-ತ್ಯಾಜ್ಯಕ್ಕೆಂದು ಬೇಲಿ ಹಾಕಿ ಬಿಡಿಸಿಕೊಳ್ಳಿ: ಬ್ಯಾಟರಿಗೆ ಒಂದು ಡಬ್ಬ, ಟ್ಯೂಬಿಗೆ ಒಂದು ಪೆಟ್ಟಿಗೆ, ಉಳಿದದ್ದಕ್ಕೆ ಒಂದು ಕಪಾಟು. ಸಿಡಿಲಿಗೆ ಸುಟ್ಟ ಮೋಡೆಮ್ ಮೇ ತಿಂಗಳಲ್ಲಿ ಬರುತ್ತದೆ, ಅದು ಅಕ್ಟೋಬರ್ ತನಕ ಕಾಯಬೇಕಾಗಬಾರದು.

15. ಲೆಕ್ಕವನ್ನು ಹಲಗೆಗೆ ಹಾಕಿ

ಎಷ್ಟು ಟಿವಿ, ಎಷ್ಟು ಫೋನು, ಎಷ್ಟು ಕಿಲೋ ತಂತಿ, ಯಾವ ಲಾರಿಯಲ್ಲಿ ಯಾವ ಘಟಕಕ್ಕೆ ಹೋಯಿತು, ಎಷ್ಟು ದುಡ್ಡು ಬಂತು, ಅದರಲ್ಲಿ ಯಾರಿಗೆ ಎಷ್ಟು ಕೊಟ್ಟದ್ದು, ಎಲ್ಲವೂ ವಾರದೊಳಗೆ ಪಂಚಾಯತ್ ಕಚೇರಿಯ ಹಲಗೆಯಲ್ಲಿ ಇರಲಿ. ಘಟಕದವರ ರಶೀದಿಯ ಪ್ರತಿಯನ್ನು ಪಕ್ಕದಲ್ಲಿ ಅಂಟಿಸಿ. ಮುಂದಿನ ಗ್ರಾಮ ಸಭೆಯಲ್ಲಿ ಓದಿ ಹೇಳಿ, ಪ್ರಶ್ನೆ ಕೇಳಲು ಬಿಡಿ. ರಶೀದಿ ಬಾರದಿದ್ದರೆ ಫೋನ್ ಮಾಡಿ, ಮತ್ತೂ ಬಾರದಿದ್ದರೆ ಬೈಕಂಪಾಡಿಯ ಕಚೇರಿಗೆ ಬರೆಯಿರಿ. ಮುಂದಿನ ಸಂಗ್ರಹದ ತಾರೀಕನ್ನು ಅದೇ ಹಲಗೆಯ ಕೊನೆಯ ಸಾಲಿನಲ್ಲಿ ಅಂದೇ ಬರೆದುಬಿಡಿ.